ಮನೆ ಆಟೊಮೇಷನ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಾ? ಬೇರೆಯವರು ಬರೆದ ಪ್ಲಗಿನ್ ನಂಬಬಹುದಾ? ಅನುಭವ ಇರೋರು ಹೇಳಿ

ಪ್ರಶ್ನೆ (ವಿಜಯನಗರ 4ನೇ ಹಂತ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮದು 1998ರಲ್ಲಿ ಕಟ್ಟಿಸಿದ ಮನೆ. ಈಗ ಹಳೇ ವೈರಿಂಗ್ ಪೂರ್ತಿ ತೆಗೆಸಿ ಹೊಸದು ಹಾಕಿಸ್ತಾ ಇದೀವಿ. ಅಮ್ಮನಿಗೆ 78 ವರ್ಷ, ಮಂಡಿ ನೋವು. ಸಂಪಿನ ಮೋಟರ್, ಗೀಸರ್, ಗೇಟಿನ ಲೈಟು ಅಂತ ಅವರು ಮೇಲೆ ಕೆಳಗೆ ಓಡಾಡೋದು ತಪ್ಪಬೇಕು, ಅದೇ ಮುಖ್ಯ. ಆಟೊಮೇಷನ್ ಮಾಡಿಕೊಡೋರೊಬ್ಬರು ಕೊಟೇಶನ್ ಕೊಟ್ಟಿದ್ದಾರೆ. ಸಾಮಾನು, ಕೂಲಿ ಬೇರೆ. ಸಾಫ್ಟ್‌ವೇರ್ ಬಾಬ್ತೇ ಹೀಗಿದೆ: ಲೈಸೆನ್ಸ್ 18,000 ರೂಪಾಯಿ. ಎಸಿ, ಫ್ಯಾನು, ಕ್ಯಾಮೆರಾ, ಇನ್ವರ್ಟರ್‌ಗೆ ತಲಾ 3,500ರಂತೆ ನಾಲ್ಕು ಪ್ಲಗಿನ್, ಅಂದ್ರೆ ಆಯಾ ಸಾಮಾನನ್ನ ಸಾಫ್ಟ್‌ವೇರ್‌ಗೆ ಜೋಡಿಸೋ ಸಣ್ಣ ಪ್ರೋಗ್ರಾಮ್. ಎರಡನೇ ವರ್ಷದಿಂದ ವರ್ಷಕ್ಕೆ 9,000. ಆ ಪ್ಲಗಿನ್‌ಗಳು ಸಾಫ್ಟ್‌ವೇರ್ ಕಂಪನಿಯವರದ್ದಲ್ಲ, ಬೇರೆ ಯಾರೋ ಬರೆದು ಮಾರೋದಂತೆ. ಅಣ್ಣನ ಮಗ ನೋಡಿದ್ರೆ "ಇದೆಲ್ಲಾ ಫ್ರೀ ಸಿಗುತ್ತೆ ಚಿಕ್ಕಪ್ಪ" ಅಂತಾನೆ. ಯಾರ ಮಾತು ಕೇಳಲಿ?

ಕುವೆಂಪುನಗರದಿಂದ

ಸರ್, ನಿಮ್ಮ ಅಣ್ಣನ ಮಗ ಹೇಳಿದ್ದು ನಿಜ, ಆದ್ರೆ ಅರ್ಧ ಹೇಳಿದ್ದಾನೆ. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್ ಮೂರು ವರ್ಷ ಬಳಸಿದೀನಿ, ಆಮೇಲಿಂದ ಫ್ರೀದು. ಎರಡರಲ್ಲೂ ನನಗೆ ಪೆಟ್ಟು ಬಿದ್ದಿದ್ದು ಒಂದೇ ಜಾಗದಲ್ಲಿ, ಪ್ಲಗಿನ್‌ನಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ನಿಮ್ಮ ಕೊಟೇಶನ್ನಿನ ಲೆಕ್ಕ ಹಾಕಿ. ಐದು ವರ್ಷಕ್ಕೆ ಲೈಸೆನ್ಸ್ 18,000, ಪ್ಲಗಿನ್ 14,000, ನಾಲ್ಕು ವರ್ಷದ ಚಾರ್ಜು 36,000. ಒಟ್ಟು 68,000. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವರ್ಷಾವರ್ಷ ಕಟ್ಟೋದೇ. ಹಾಗಾಗಿ ಲೈಸೆನ್ಸ್ ರೇಟಿಗೆ ಚೌಕಾಸಿ ಮಾಡೋ ಬದಲು ಒಂದೇ ಒಂದು ಪ್ರಶ್ನೆ ಕೇಳಿ: ಎರಡನೇ ವರ್ಷ ನಾನು 9,000 ಕಟ್ಟದೇ ಹೋದ್ರೆ ಏನು ನಿಲ್ಲುತ್ತೆ? ಹೊಸ ವರ್ಷನ್ ಬರೋದು ನಿಂತು, ಇರೋದು ಹಂಗೇ ನಡೀತಾ ಇದ್ರೆ ಅದು ಒಪ್ಪೋ ಮಾತು. ಮ್ಯಾಕ್‌ಗೆ ಬರೋ ಇಂಡಿಗೋ ಅನ್ನೋ ಸಾಫ್ಟ್‌ವೇರ್ ಹೀಗೇ ಇದೆ, ವರ್ಷದ ಚಂದಾ ಮುಗಿದ್ರೂ ಮನೇಲಿ ಕೆಲಸ ನಿಲ್ಲಲ್ಲ. ಆದ್ರೆ ಲೈಟು ಹಾಕೋದೇ ನಿಂತುಹೋಗುತ್ತೆ ಅಂದ್ರೆ ನೀವು ಕೊಂಡುಕೊಳ್ತಾ ಇಲ್ಲ, ಬಾಡಿಗೆಗೆ ತಗೋತಾ ಇದೀರಿ. ಇದು ಬರೀ ಭಯ ಅಲ್ಲ. ಅಮೆರಿಕದಲ್ಲಿ ವಿಂಕ್ ಅನ್ನೋ ಕಂಪನಿ ಮೊದಲು ಚಂದಾ ಇಲ್ಲ ಅಂತಲೇ, ಮನೆ ಸಾಮಾನುಗಳನ್ನೆಲ್ಲಾ ಜೋಡಿಸೋ ಹಬ್ ಅನ್ನೋ ಡಬ್ಬಿ ಮಾರಿತ್ತು. 2020ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂಗೆ ತಿಂಗಳಿಗೆ 4.99 ಡಾಲರ್ ಕಟ್ಟಿ ಅಂತು. ಇನ್ಸ್ಟಿಯಾನ್ ಅನ್ನೋ ಇನ್ನೊಂದು ಕಂಪನಿ 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ಸರ್ವರನ್ನೇ ಆಫ್ ಮಾಡಿಬಿಡ್ತು.

ಈಗ ಫ್ರೀ ವಿಷಯ. ನಿಮ್ಮ ಹುಡುಗ ಹೇಳ್ತಿರೋದು ಬಹುಶಃ ಹೋಮ್ ಅಸಿಸ್ಟೆಂಟ್ ಅನ್ನೋ ಆಟೊಮೇಷನ್ ಸಾಫ್ಟ್‌ವೇರ್. 2013ರಲ್ಲಿ ಪೌಲಸ್ ಸ್ಕೌಟ್ಸನ್ ಅನ್ನೋರು ಪೈಥಾನ್‌ನಲ್ಲಿ ಶುರು ಮಾಡಿದ್ದು. ಓಪನ್ ಸೋರ್ಸ್, ಅಂದ್ರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುತ್ತೆ, ಲೈಸೆನ್ಸಿಗೆ ಒಂದು ಪೈಸೆ ಇಲ್ಲ. 2024ರಲ್ಲಿ ಅದನ್ನ ಓಪನ್ ಹೋಮ್ ಫೌಂಡೇಶನ್ ಅನ್ನೋ ಸಂಸ್ಥೆಗೆ ವಹಿಸಿದ್ರು, ನಾಳೆ ಯಾವುದೋ ಕಂಪನಿ ಕೊಂಡುಕೊಂಡು ಬೀಗ ಹಾಕಬಾರದು ಅಂತ. ಓಪನ್‌ಹ್ಯಾಬ್ ಅಂತ ಇನ್ನೊಂದಿದೆ, ಅದೂ ಉಚಿತ. ನನಗೆ ಖರ್ಚಾಗಿದ್ದು ಅದನ್ನ ಓಡಿಸೋಕೆ ತಗೊಂಡ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ 7,000. ಮೊದಲು ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇಟ್ಟಿದ್ದೆ, ಒಂದೂವರೆ ವರ್ಷಕ್ಕೆ ಮೆಮೊರಿ ಕಾರ್ಡ್ ಸತ್ತುಹೋಯ್ತು. ಸಾಫ್ಟ್‌ವೇರ್ ಅದರಲ್ಲಿ ದಿನವಿಡೀ ಮಾಹಿತಿ ಬರೀತಾನೇ ಇರುತ್ತೆ, ಕಾರ್ಡು ಸವೆಯುತ್ತೆ. ಎಸ್‌ಎಸ್‌ಡಿ ಡಿಸ್ಕ್ ಇರೋದೇ ತಗೊಳ್ಳಿ.

ಇನ್ನು ಪ್ಲಗಿನ್. ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಮಾರೋರು ಎಲ್ಲಕ್ಕೂ ಪ್ಲಗಿನ್ ಅಂತಲೇ ಅಂತಾರೆ. ಹೋಮ್ ಅಸಿಸ್ಟೆಂಟಲ್ಲಿ ಒಂದು, ಅದರ ಜೊತೆಗೇ ಬರೋ ಜೋಡಣೆಗಳು. ಸಾವಿರಕ್ಕೂ ಮಿಕ್ಕಿ ಇವೆ, ಆ ತಂಡದವರು ಒಂದು ಸಲ ಓದಿ ನೋಡಿಯೇ ಒಳಗೆ ಬಿಟ್ಟಿರ್ತಾರೆ. ಇನ್ನೊಂದು, ಹ್ಯಾಕ್ಸ್ ಅನ್ನೋ ಅಂಗಡಿ ತರದ್ದರಿಂದ ಇಳಿಸಿಕೊಳ್ಳೋದು. ಅದನ್ನ ಜಗತ್ತಿನ ಯಾವುದೋ ಮೂಲೇಲಿ ಯಾರೋ ಒಬ್ಬರು ತಮ್ಮ ಮನೇಗೆ ಅಂತ ಬರೆದು ಎಲ್ಲರಿಗೂ ಕೊಟ್ಟಿರ್ತಾರೆ. ಆ ಅಂಗಡಿಯೂ ಉಚಿತ, ಸಾಮಾನೂ ಉಚಿತ. ಹೋಮ್‌ಸೀರ್ ತರದ ದುಡ್ಡಿನ ಸಾಫ್ಟ್‌ವೇರಲ್ಲಿ ಇಂಥವರೇ ಬರೆದ ಪ್ಲಗಿನ್ನನ್ನ ದುಡ್ಡಿಗೆ ಮಾರ್ತಾರೆ. ಬರೆಯೋರು ಎರಡೂ ಕಡೆ ಒಂದೇ ತರದ ಜನ, ಒಬ್ಬೊಬ್ಬರೇ. ನೀವು 3,500 ಕೊಟ್ರೂ ಆ ಒಬ್ಬರಿಗೆ ಬೇರೆ ಕೆಲಸ ಸಿಕ್ಕರೆ ಅಥವಾ ಹುಷಾರು ತಪ್ಪಿದರೆ ಪ್ಲಗಿನ್ ಅಲ್ಲಿಗೇ ನಿಲ್ಲುತ್ತೆ.

ನನಗೆ ಆಗಿದ್ದು ಹೇಳ್ತೀನಿ. ಆಗಿನ್ನೂ ದುಡ್ಡು ಕೊಟ್ಟ ಸಾಫ್ಟ್‌ವೇರ್ ಬಳಸ್ತಿದ್ದೆ. ಎಸಿಗೆ ಅಂತ ಒಬ್ಬರು ಬರೆದ ಪ್ಲಗಿನ್ ಕೊಂಡಿದ್ದೆ, ಒಂದು ವರ್ಷ ಚೆನ್ನಾಗೇ ನಡೀತು. ಮೇ ತಿಂಗಳು, ರಾತ್ರಿ ಹನ್ನೊಂದೂವರೆ. ಮಗಳು ಮುದುರಿಕೊಂಡು ಮಲಗಿದಾಳೆ, ಕಾಲು ಮುಟ್ಟಿದ್ರೆ ತಣ್ಣಗೆ. ಮೊಬೈಲಲ್ಲಿ 26 ಡಿಗ್ರಿ ಅಂತ ತೋರಿಸ್ತಾ ಇದೆ, ಎಸಿ ಮೇಲೆ ನೋಡಿದ್ರೆ 16. ಆಫ್ ಅಂತ ಎಷ್ಟು ಒತ್ತಿದ್ರೂ ಕೇಳ್ತಿಲ್ಲ. ರಿಮೋಟಿನ ಸೆಲ್ಲು ತೆಗೆದು ಅವಳ ಆಟದ ಕಾರಿಗೆ ಹಾಕಿದ್ವಿ, ಮೊಬೈಲ್ ಇದೆಯಲ್ಲ ಅಂತ. ಕೊನೆಗೆ ಹೊರಗೆ ಹೋಗಿ ಎಂಸಿಬಿ ಇಳಿಸಿದೆ. ಎಸಿ ಕಂಪನಿಯವರು ತಮ್ಮ ಸರ್ವರಲ್ಲಿ ಏನೋ ಬದಲಾಯಿಸಿದ್ರು, ಪ್ಲಗಿನ್‌ಗೆ ಅದು ಗೊತ್ತಿಲ್ಲ. ಬರೆದವರಿಗೆ ಮೇಲ್ ಮಾಡಿದೆ. ಎರಡು ವಾರ ಬಿಟ್ಟು ತುಂಬಾ ಮರ್ಯಾದೆಯಿಂದಲೇ ಉತ್ತರ ಬಂತು: ಊರು ಬದಲಾಯಿಸಿದೀನಿ, ಆ ಎಸಿ ಈಗ ನನ್ನ ಹತ್ರ ಇಲ್ಲ, ಪರೀಕ್ಷೆ ಮಾಡೋಕೆ ಆಗಲ್ಲ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಎಷ್ಟು ದಿನ ನನ್ನ ಮನೆ ಕಾಯಬೇಕು? ಈಗ ಎಸಿಗೆ ಗೋಡೇಲಿ ಒಂದು ಐಆರ್ ಬ್ಲಾಸ್ಟರ್ ಇಟ್ಟಿದೀನಿ, ರಿಮೋಟ್ ಮಾಡೋ ಕೆಲಸವನ್ನೇ ಮಾಡುತ್ತೆ. ಯಾವ ಸರ್ವರ್ ಬದಲಾದ್ರೂ ನನಗೆ ಸಂಬಂಧ ಇಲ್ಲ.

ಸಾಮಾನು ಮಾಡೋ ಕಂಪನಿಗಳೇ ಪ್ಲಗಿನ್ ಬರೆಯೋರಿಗೆ ಬಾಗಿಲು ಹಾಕೋದೂ ಉಂಟು. 2024ರ ಜನವರಿಯಲ್ಲಿ ಹೈಯರ್ ಕಂಪನಿ, ತನ್ನ ಸಾಮಾನುಗಳನ್ನ ಹೋಮ್ ಅಸಿಸ್ಟೆಂಟ್‌ಗೆ ಸೇರಿಸೋ ಪ್ಲಗಿನ್ ಬರೆದವರಿಗೆ ಲೀಗಲ್ ನೋಟಿಸ್ ಕಳಿಸಿತ್ತು. ಜನ ಗಲಾಟೆ ಎಬ್ಬಿಸಿದ ಮೇಲೆ ಮೆತ್ತಗಾಗಿ ಮಾತುಕತೆಗೆ ಬಂತು. ಇನ್ನೊಂದು ಕಡೆ ಆಟಂಬರ್ಗ್‌ನವರು ಫ್ಯಾನಿಗೆ ತಾವೇ ಡೆವಲಪರ್‌ಗಳಿಗೆ ದಾರಿ ಬಿಟ್ಟುಕೊಟ್ಟಿದ್ದಾರೆ. ಸಾಮಾನು ಕೊಳ್ಳೋವಾಗಲೇ ಇದನ್ನ ನೋಡಿ, ಆಮೇಲೆ ಪ್ಲಗಿನ್ ಹುಡುಕೋಕೆ ಹೋಗಬೇಡಿ.

ಸುರಕ್ಷತೆಯದ್ದು ಒಂದು ಮಾತು. ಹೊರಗಿನ ಪ್ಲಗಿನ್ ಒಳಗೆ ಬಂತು ಅಂದ್ರೆ ಅದಕ್ಕೆ ನಿಮ್ಮ ಸಿಸ್ಟಮ್ಮಿನ ಎಲ್ಲಾ ಕೋಣೆಯ ಕೀಲಿಯೂ ಸಿಕ್ಕಂತೆ. 2021ರ ಜನವರಿಯಲ್ಲಿ ಇಂಥ ಹಲವು ಪ್ಲಗಿನ್‌ಗಳಲ್ಲಿ ಒಂದು ತೂತು ಸಿಕ್ತು. ಹೊರಗಿನವರು ಲಾಗಿನ್ ಆಗದೇನೇ ಫೈಲುಗಳನ್ನ ಓದೋ ಹಾಗಿತ್ತು, ಪಾಸ್‌ವರ್ಡ್ ಇರೋ ಫೈಲನ್ನೂ ಸೇರಿಸಿ. ಹೋಮ್ ಅಸಿಸ್ಟೆಂಟ್‌ನವರು ತಕ್ಷಣ ಎಚ್ಚರಿಕೆ ಕೊಟ್ಟು ಸರಿಪಡಿಸಿದ್ರು. ನನ್ನ ಮನೇಲಿ ಆಗ ಇಂಥವು ಹನ್ನೊಂದಿದ್ವು. ಅವತ್ತು ರಾತ್ರಿ ಕೂತು ಒಂದೊಂದನ್ನೇ ನೋಡಿದೆ, ಏಳು ಬರೀ ಚೆಂದಕ್ಕೆ ಹಾಕ್ಕೊಂಡಿದ್ದು. ತೆಗೆದುಬಿಟ್ಟೆ. ಈಗ ಮೂರಿವೆ. ಹೊಸದು ಹಾಕೋ ಮುಂಚೆ ಅದರ ಕೋಡ್ ಇಟ್ಟಿರೋ ಗಿಟ್‌ಹಬ್ ಪುಟ ತೆಗೆದು ಕೊನೇ ಸಲ ಯಾವಾಗ ತಿದ್ದಿದ್ದಾರೆ, ಜನ ಹೇಳಿಕೊಂಡ ತೊಂದರೆಗೆ ಉತ್ತರ ಕೊಡ್ತಾರಾ, ಒಬ್ಬರೇನಾ ಇಬ್ಬರು ಮೂವರಿದ್ದಾರಾ ನೋಡ್ತೀನಿ. ಈಗಿರೋ ಮೂರನ್ನ ಬರೆದವರಿಗೂ ವರ್ಷಕ್ಕೊಂದು ಸಲ ಕೈಲಾದಷ್ಟು ದುಡ್ಡು ಕಳಿಸ್ತೀನಿ. ಫ್ರೀ ಅಂತ ತಗೊಂಡ್ರೂ ಇದು ಯಾರದೋ ನಿದ್ದೆಗೆಟ್ಟ ಕೆಲಸ ಸರ್.

ಮಂಡ್ಯದಿಂದ

ಅಣ್ಣ, ನಂಗೆ ಸಾಫ್ಟ್‌ವೇರ್ ಅಷ್ಟಾಗಿ ಗೊತ್ತಿಲ್ಲ, ವೈರ್ ಗೊತ್ತು. ಮಂಡ್ಯ, ಮದ್ದೂರು ಕಡೆ ಹದಿನೆಂಟು ವರ್ಷದಿಂದ ವೈರಿಂಗ್ ಮಾಡ್ತಾ ಇವ್ನಿ. ಗೋಡೆ ಒಡೆದಿರೋವಾಗ್ಲೇ ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ವೈರ್ ಎಳೆಸ್ಬುಡಿ, ಮೊಬೈಲಿಂದ ಸ್ವಿಚ್ ನಡೆಸೋ ಮಾಡ್ಯೂಲ್ ಬಹಳಷ್ಟಕ್ಕೆ ಅದು ಬೇಕು. ಸಾಕೆಟ್ ಇರೋ ಬೋರ್ಡಲ್ಲಿ ಹೆಂಗೂ ಇರ್ತದೆ. ಬರೀ ಸ್ವಿಚ್ ಇರೋ ಕಡೆ, ಮೆಟ್ಲು ತಾವ, ವರಾಂಡ ತಾವ, ಹಳೇ ಮನೇಲಿ ಇರಕಿಲ್ಲ. ಬಾಕ್ಸೂ ಆಳವಾಗಿರೋದೇ ಹಾಕ್ಸಿ, ಇಲ್ದಿದ್ರೆ ಮಾಡ್ಯೂಲ್ ತುರುಕೋಕಾಗದೆ ವೈರ್ ಹಿಂಡ್ತದೆ.

ಗೀಸರ್ ವಿಚಾರ ಹುಷಾರು. 3 ಕಿಲೋವ್ಯಾಟಿಂದು 13 ಆಂಪ್ಸ್ ಎಳೀತದೆ. ಸ್ವಿಚ್ ಹಿಂದ್ಗಡೆ ಇಡೋ ಸಣ್ಣ ಮಾಡ್ಯೂಲು ಬಹಳಷ್ಟು 10 ಆಂಪ್ಸಿಂದೇ. ಮಳವಳ್ಳಿ ಕಡೆ ಒಂದ್ ಮನೇಲಿ ಬೋರ್ಡ್ ಬಿಚ್ಚಿದ್ರೆ ಮಾಡ್ಯೂಲು ಕರಗಿ ಸ್ಕ್ರೂಗೆ ಅಂಟ್ಕಂಡಿತ್ತು, ವಾಸನೆ ಎರಡು ದಿನದಿಂದ ಬತ್ತಾ ಇತ್ತಂತೆ, ಅವ್ರು ಅಡಿಗೆ ಮನೇದು ಅನ್ಕಂಡವ್ರೆ. ಮೋಟರ್ಗೂ ಅಷ್ಟೇ, ಸ್ಟಾರ್ಟ್ ಆಗೋವಾಗ ನಡೆಯೋ ಕರೆಂಟಿನ ಐದಾರು ಪಟ್ಟು ಎಳೀತದೆ. ಅದ್ಕೆ ಮಧ್ಯ ಕಾಂಟ್ಯಾಕ್ಟರ್ ಹಾಕ್ಸಿ, ಅದು ಜಾಸ್ತಿ ಕರೆಂಟ್ ತಡೆಯೋ ದೊಡ್ಡ ಸ್ವಿಚ್ಚು, ಒಳಗಿನ ಕಾಯಿಲ್ಗೆ ಸಣ್ಣ ಕರೆಂಟ್ ಕೊಟ್ರೆ ಆನ್ ಆಯ್ತದೆ. ಮಾಡ್ಯೂಲು ಕಾಂಟ್ಯಾಕ್ಟರ್ ಕಾಯಿಲ್ ಎತ್ತಲಿ, ಕಾಂಟ್ಯಾಕ್ಟರು ಮೋಟರ್ ಎತ್ತಲಿ. ಟ್ಯಾಂಕ್ ತುಂಬಿದ್ ಮೇಲೆ ನಿಲ್ಸೋ ಕೆಲ್ಸ ಮಾತ್ರ ಯಾವ್ ಸಾಫ್ಟ್‌ವೇರ್‌ಗೂ ಬುಡ್ಬೇಡಿ. ಟ್ಯಾಂಕಲ್ಲಿ ನೀರಿನ ಮಟ್ಟ ನೋಡ್ಕಂಡು ತಾನೇ ಆಫ್ ಆಗೋ ಫ್ಲೋಟ್ ಸ್ವಿಚ್ಚನ್ನ ಆ ಕಾಯಿಲ್ ಲೈನಲ್ಲೇ ಸೇರ್ಸಿ. ನೆಟ್ ಹೋಗ್ಲಿ, ಪ್ಲಗಿನ್ ಹೋಗ್ಲಿ, ನೀರು ತುಂಬಿದ್ರೆ ಮೋಟರ್ ನಿಂತೇ ನಿಲ್ತದೆ.

ಸರಸ್ವತಿಪುರಂನಿಂದ

ನಾನು ಬೇರೆ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಮ್ಮ ಮನೇಲಿ ಅತ್ತೆ ಮಾವ ಇಬ್ಬರೇ ಇರೋದು. ನಾವು ಪುಣೆಯಲ್ಲಿದ್ವಿ ಆಗ. ನನ್ನ ತಮ್ಮ ಫ್ರೀ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ, ಬಹಳ ಚೆನ್ನಾಗಿತ್ತು. ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ತು. ಆಮೇಲೆ ಒಂದು ದಿನ ಗೇಟ್ ಲೈಟು ಹಗಲೂ ರಾತ್ರಿ ಉರಿಯೋಕೆ ಶುರುವಾಯ್ತು, ಮೈಸೂರಲ್ಲಿ ಅದನ್ನ ಮುಟ್ಟೋರು ಯಾರೂ ಸಿಗಲಿಲ್ಲ. ಎಲ್ಲರೂ "ಇದು ನಾವು ಹಾಕಿದ್ದಲ್ಲ ಮೇಡಂ" ಅಂದ್ರು. ಈಗ ವರ್ಷಕ್ಕೆ 6,000 ಕೊಟ್ಟು ಒಬ್ಬರನ್ನ ಇಟ್ಟುಕೊಂಡಿದೀವಿ, ಅದೇ ಉಚಿತ ಸಾಫ್ಟ್‌ವೇರನ್ನೇ ಅವರು ನೋಡ್ಕೋತಾರೆ. ಫೋನ್ ಮಾಡಿದ್ರೆ ಮಾರನೇ ದಿನ ಮನೆಗೆ ಬರ್ತಾರೆ. ಈ ದುಡ್ಡು ನನಗೆ ಹೊರೆ ಅನ್ನಿಸಿಲ್ಲ. ಆದ್ರೆ ಅಡ್ಮಿನ್ ಪಾಸ್‌ವರ್ಡ್ ನಮ್ಮ ಹತ್ರಾನೇ ಇರಬೇಕು, ಬ್ಯಾಕಪ್ ಫೈಲು ತಿಂಗಳಿಗೊಂದು ಸಲ ನಮ್ಮ ಪೆನ್‌ಡ್ರೈವಿಗೆ ಬರಬೇಕು ಅಂತ ಮೊದಲೇ ಬರೆಸಿಕೊಂಡ್ವಿ. ನಿಮ್ಮ ಕೊಟೇಶನ್ನಲ್ಲಿ ಆ 9,000ಕ್ಕೆ ಮನುಷ್ಯರು ಬರ್ತಾರಾ, ಬರೀ ಅಪ್‌ಡೇಟ್ ಬರುತ್ತಾ ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುವೆಂಪುನಗರದ ಸರ್, ಇನ್ನೊಂದು ಅನುಮಾನ. ಊರಲ್ಲಿ ಇಲ್ಲದಾಗ ಹೊರಗಿಂದ ನೋಡೋಕೆ ದುಡ್ಡು ಕಟ್ಟಲೇಬೇಕು ಅಂತ ಕೊಟೇಶನ್ ಕೊಟ್ಟವರು ಹೇಳ್ತಾರೆ. ನಿಜಾನಾ?

ಕುವೆಂಪುನಗರದಿಂದ

ಕಟ್ಟಲೇಬೇಕು ಅಂತೇನಿಲ್ಲ. ನಮ್ಮ ಕಡೆ ಬಹಳಷ್ಟು ಫೈಬರ್ ಕನೆಕ್ಷನ್‌ಗಳಲ್ಲಿ ನಮಗೇ ಅಂತ ಪ್ರತ್ಯೇಕ ಇಂಟರ್‌ನೆಟ್ ವಿಳಾಸ (ಪಬ್ಲಿಕ್ ಐಪಿ) ಕೊಡಲ್ಲ, ಒಂದೇ ವಿಳಾಸವನ್ನ ಎಷ್ಟೋ ಮನೆಗೆ ಹಂಚಿರ್ತಾರೆ. ಹಾಗಾಗಿ ಹೊರಗಿಂದ ನೇರವಾಗಿ ಮನೆ ಕಂಪ್ಯೂಟರಿಗೆ ದಾರಿ ತೆಗೆಯೋ ಹಳೇ ಕಾಲದ ಪೋರ್ಟ್ ಫಾರ್ವರ್ಡಿಂಗ್ ನಡೆಯಲ್ಲ, ಮಾಡೋದೂ ಅಪಾಯ. ಟೇಲ್‌ಸ್ಕೇಲ್ ಅಂತ ಇದೆ, ಫೋನಿಂದ ಮನೆ ಕಂಪ್ಯೂಟರಿಗೆ ಖಾಸಗಿ ದಾರಿ ಮಾಡಿಕೊಡೋದು, ಮನೆ ಬಳಕೆಗೆ ಉಚಿತ. ನಾನು ಎರಡು ವರ್ಷ ಅದರಲ್ಲೇ ಇದ್ದೆ. ಆಮೇಲೆ ಅಪ್ಪ ಅಮ್ಮನ ಫೋನಲ್ಲಿ ಅದು ಆಫ್ ಆಗಿಬಿಡೋದು, ಅವರಿಗೆ ಮತ್ತೆ ಆನ್ ಮಾಡೋಕೆ ತಿಳೀತಿರಲಿಲ್ಲ. ಅದಕ್ಕೆ ಈಗ ನಾಬು ಕಾಸಾ ಅನ್ನೋ, ಹೋಮ್ ಅಸಿಸ್ಟೆಂಟ್ ಶುರು ಮಾಡಿದವರದ್ದೇ ಕಂಪನಿಗೆ ಹೊರಗಿಂದ ನೋಡೋಕೆ ಚಂದಾ ಕಟ್ತೀನಿ, ವರ್ಷಕ್ಕೆ 65 ಡಾಲರ್. ಅಲೆಕ್ಸಾ, ಗೂಗಲ್‌ಗೂ ಸುಲಭವಾಗಿ ಸೇರುತ್ತೆ, ಆ ದುಡ್ಡಿಂದಲೇ ಹೋಮ್ ಅಸಿಸ್ಟೆಂಟ್‌ನಲ್ಲಿ ಕೆಲಸ ಮಾಡೋರಿಗೆ ಸಂಬಳ ಹೋಗುತ್ತೆ. ಡಾಲರ್ ರೇಟು ಏರಿದಷ್ಟೂ ನಮ್ಮ ಖರ್ಚು ಏರುತ್ತೆ, ಕಾರ್ಡಿನವರು ಮೇಲೊಂದಿಷ್ಟು ಹಾಕ್ತಾರೆ, ಅದನ್ನೂ ಲೆಕ್ಕದಲ್ಲಿಟ್ಕೊಳ್ಳಿ. 2021ರ ಅಕ್ಟೋಬರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಬದಲಾದಾಗ ನನ್ನ ಕಾರ್ಡಿಂದ ತಾನಾಗೇ ಕಟ್ ಆಗೋದು ನಿಂತಿತ್ತು, ಅದಕ್ಕೇ ತಿಂಗಳಿಗಲ್ಲ, ವರ್ಷಕ್ಕೆ ಒಂದೇ ಸಲ ಕಟ್ತೀನಿ. ಕಟ್ಟೋದು ಮರೆತ್ರೂ ಮನೆ ಒಳಗಿನದ್ದು ಯಾವುದೂ ನಿಲ್ಲಲ್ಲ.

ಪ್ರಶ್ನೆ ಕೇಳಿದವರು

ನಿನ್ನೆ ಅವರನ್ನ ಕರೆಸಿ ಕೂರಿಸಿಕೊಂಡು ಮಾತಾಡಿದೆ. 9,000 ಕಟ್ಟದಿದ್ರೆ ಏನಾಗುತ್ತೆ ಅಂದಿದ್ದಕ್ಕೆ, ಆ್ಯಪ್ ತೆರೆಯಲ್ಲ ಅಂದ್ರು. ಲೈಸೆನ್ಸು, ಪ್ಲಗಿನ್ ನಾಲ್ಕೂ ಬೇಡ ಅಂತ ಹೇಳಿದೀನಿ. ಉಚಿತದ್ದೇ ಹಾಕಿ ನೋಡ್ಕೋತೀರಾ, ವರ್ಷಕ್ಕೆ ಇಷ್ಟು ಅಂತ ಕೊಡ್ತೀನಿ ಅಂದೆ, ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ. ಮಂಡ್ಯದ ಅಣ್ಣ, ಮೆಟ್ಟಿಲ ಹತ್ರದ ಬೋರ್ಡ್ ಬಿಚ್ಚಿಸಿದೆ, ನೀವು ಹೇಳಿದಂಗೇ ನ್ಯೂಟ್ರಲ್ ಇಲ್ಲ. ಗೇಟಿನ ಬೋರ್ಡಲ್ಲೂ ಇಲ್ಲ. ಎರಡಕ್ಕೂ ಎಳೆಯೋಕೆ ಹೇಳಿದೀನಿ. ಸಂಪಿನ ಮೋಟರ್ 1 ಎಚ್‌ಪಿ, ಸಿಂಗಲ್ ಫೇಸು. ಅದಕ್ಕೆ ಎಷ್ಟು ಆಂಪ್ಸಿನ ಕಾಂಟ್ಯಾಕ್ಟರ್ ತರಿಸಲಿ?

ಮಂಡ್ಯದಿಂದ

ಮೋಟರ್ ಮೇಲಿರೋ ತಗಡಿನ ಫೋಟೋ ಹಾಕಿ ಅಣ್ಣ, ಅದ್ರಲ್ಲಿ ಆಂಪ್ಸ್ ಬರೆದಿರ್ತದೆ. ನೋಡ್ಬುಟ್ಟು ಹೇಳ್ತೀನಿ. ಅಮ್ಮಾವ್ರ ಕೈಗೆ ಎಟುಕೋ ಎತ್ತರದಲ್ಲಿ ಒಂದ್ ಮಾಮೂಲಿ ಸ್ವಿಚ್ಚೂ ಇಡ್ಸಿ.