ಬಳ್ಳಾರಿ ಧರ್ಮಕ್ಷೇತ್ರ ಬೆಂಗಳೂರು ಆರ್ಚ್‌ಬಿಷಪ್ಪರ ಕೈಕೆಳಗೆ ಬರುತ್ತದೆಯೇ? ಹಳೇ ರಿಜಿಸ್ಟರ್‌ನಲ್ಲಿ ಮದ್ರಾಸ್ ಅಂತ ಯಾಕಿದೆ?

ಗಂಗಾವತಿ ದಂಡೆ (ಪ್ರಶ್ನೆ)

ನಮ್ಮ ಕ್ಯಾಥೊಲಿಕ್ ಧರ್ಮಕೇಂದ್ರದ (ಪ್ಯಾರಿಷ್ ಚರ್ಚಿನ) ಸ್ಮರಣ ಸಂಚಿಕೆಗೆ ನಾಲ್ಕು ಪುಟದ ಇತಿಹಾಸ ಬೇಕಾಗಿದೆ. ಕರಡಿನಲ್ಲಿ "ಬೆಂಗಳೂರು ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಬಳ್ಳಾರಿ ಧರ್ಮಕ್ಷೇತ್ರ" ಎಂಬ ವಾಕ್ಯವಿದೆ. (ಮಹಾಧರ್ಮಾಧ್ಯಕ್ಷರು ಅಂದರೆ ಆರ್ಚ್‌ಬಿಷಪ್ಪರು, ಧರ್ಮಕ್ಷೇತ್ರ ಅಂದರೆ ಒಬ್ಬ ಬಿಷಪ್ಪರ ವ್ಯಾಪ್ತಿ.) ಸಮಿತಿಯಲ್ಲಿ ಅರ್ಧ ಜನ ಅದು ಸರಿ ಅಂತಾರೆ, ಅರ್ಧ ಜನ ತಪ್ಪು ಅಂತಾರೆ. ಆರ್ಚ್‌ಬಿಷಪ್ಪರು ನಮ್ಮ ಬಿಷಪ್ಪರಿಗೆ ಮೇಲಧಿಕಾರಿಯೇ? ಇಲ್ಲಿನ ಫಾದರ್‌ಗಳನ್ನು ಅವರು ವರ್ಗ ಮಾಡಬಹುದೇ?

ಇನ್ನೊಂದು. ಬಳ್ಳಾರಿಯ ಹಳೇ ಕಾಗದಗಳಲ್ಲಿ ಮದ್ರಾಸ್ ಅಂತ ಕಾಣುತ್ತದೆ, ಬೆಂಗಳೂರಿನ ಹಳೇ ಕಾಗದಗಳಲ್ಲಿ ಮೈಸೂರು ಅಂತ ಕಾಣುತ್ತದೆ. ಇದನ್ನು ಓದುಗರಿಗೆ ಹೇಗೆ ವಿವರಿಸುವುದು? ಬೆಂಗಳೂರಿನ ಆರ್ಚ್‌ಬಿಷಪ್ಪರ ಪಟ್ಟಿಯನ್ನೂ ಒಂದು ಚೌಕಟ್ಟಿನಲ್ಲಿ ಹಾಕಬೇಕಂತೆ, ಇಸವಿ ಸಮೇತ.

ಕೌಲ್‌ಬಜಾರ್

ಆ ವಾಕ್ಯ ತೆಗೆಯಿರಿ. "ಬೆಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಬಳ್ಳಾರಿ ಧರ್ಮಕ್ಷೇತ್ರ" ಅಂದರೆ ಸರಿ, "ಆಡಳಿತಕ್ಕೆ ಒಳಪಟ್ಟ" ಅಂದರೆ ತಪ್ಪು. ಹಲವು ಧರ್ಮಕ್ಷೇತ್ರಗಳನ್ನು ಕೂಡಿಸಿ ಒಂದು ಪ್ರಾಂತ್ಯ. ಅದರ ಮುಖ್ಯ ಪೀಠದಲ್ಲಿರುವವರು ಮೆಟ್ರೊಪಾಲಿಟನ್ ಆರ್ಚ್‌ಬಿಷಪ್. ಬೆಂಗಳೂರಿನ ಪ್ರಾಂತ್ಯದಲ್ಲಿ ಬೆಂಗಳೂರು ಬಿಟ್ಟು ಮೈಸೂರು, ಮಂಗಳೂರು, ಬೆಳಗಾವಿ, ಬಳ್ಳಾರಿ, ಚಿಕ್ಕಮಗಳೂರು, ಕಾರವಾರ, ಶಿವಮೊಗ್ಗ, ಕಲಬುರಗಿ, ಉಡುಪಿ ಇವೆ. (ಇದು ಲ್ಯಾಟಿನ್ ವಿಧಿಯ ಲೆಕ್ಕ ಮಾತ್ರ. ಕೇರಳ ಮೂಲದ ಪೂರ್ವವಿಧಿಯ ಕ್ಯಾಥೊಲಿಕರಾದ ಸಿರೊ ಮಲಬಾರ್‌ನವರ ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಬೇರೆ ವ್ಯವಸ್ಥೆ. ಅವನ್ನು ಇದರೊಳಗೆ ಬೆರೆಸಬೇಡಿ.)

ಬಳ್ಳಾರಿ ಬಿಷಪ್ಪರು ತಮ್ಮ ಕ್ಷೇತ್ರದಲ್ಲಿ ನೇರವಾಗಿ ರೋಮಿಗೆ ಉತ್ತರ ಕೊಡುವವರು. ಫಾದರ್‌ಗಳ ನೇಮಕ, ವರ್ಗಾವಣೆ, ಹೊಸ ಧರ್ಮಕೇಂದ್ರ, ಆಸ್ತಿ, ಶಾಲೆ, ಎಲ್ಲಾ ಅವರದೇ ತೀರ್ಮಾನ. ವರ್ಗಾವಣೆ ವಿಷಯಕ್ಕೆ ಬೆಂಗಳೂರಿಗೆ ಅರ್ಜಿ ಹಾಕಿದರೆ ಅದು ಅಲ್ಲಿಂದ ಬಳ್ಳಾರಿಗೇ ವಾಪಸ್ ಬರುತ್ತದೆ. ತಿಂಗಳುಗಟ್ಟಲೆ ಹಿಂಗೆ ವ್ಯರ್ಥವಾಗುತ್ತದೆ.

ಹಾಗಂತ ಮೆಟ್ರೊಪಾಲಿಟನ್ ಪದವಿ ಬರೀ ಅಲಂಕಾರವಲ್ಲ. 1983ರ ಕ್ಯಾನನ್ ಕಾನೂನಿನ (ಧರ್ಮಸಭೆಯ ಕಾನೂನು ಸಂಹಿತೆಯ) 436ನೇ ವಿಧಿ ಮೂರು ಕೆಲಸ ಕೊಡುತ್ತದೆ. ಪ್ರಾಂತ್ಯದಲ್ಲಿ ವಿಶ್ವಾಸ ಮತ್ತು ಶಿಸ್ತು ಕೆಡುತ್ತಿದ್ದರೆ ಪೋಪರಿಗೆ ತಿಳಿಸುವುದು. ಒಬ್ಬ ಬಿಷಪ್ಪರು ಧರ್ಮಕೇಂದ್ರಗಳ ಭೇಟಿಯನ್ನು ನಿರ್ಲಕ್ಷಿಸಿದರೆ ತಾವೇ ಆ ಭೇಟಿ ಮಾಡುವುದು, ಅದೂ ಕಾರಣಕ್ಕೆ ರೋಮಿನ ಒಪ್ಪಿಗೆ ಮೊದಲೇ ಪಡೆದು. ಬಿಷಪ್ ಪೀಠ ಖಾಲಿಯಾದಾಗ ಸಲಹೆಗಾರ ಗುರುಗಳ ಮಂಡಳಿ 8 ದಿನದೊಳಗೆ ಆಡಳಿತಗಾರರನ್ನು ಆರಿಸದಿದ್ದರೆ ತಾವು ನೇಮಿಸುವುದು. ಇದರಾಚೆಗೆ ಇನ್ನೊಂದು ಕ್ಷೇತ್ರದಲ್ಲಿ ಆಡಳಿತದ ಹಕ್ಕಿಲ್ಲ. ಪೂಜೆ ಎಲ್ಲಿ ಬೇಕಾದರೂ ಅರ್ಪಿಸಬಹುದು, ಆದರೆ ಬಳ್ಳಾರಿಯ ಪ್ರಧಾನಾಲಯದಲ್ಲಿ (ಬಿಷಪ್ಪರ ಕೆಥೆಡ್ರಲ್ ಚರ್ಚಿನಲ್ಲಿ) ಅರ್ಪಿಸಬೇಕಾದರೆ ಮೊದಲು ಬಳ್ಳಾರಿ ಬಿಷಪ್ಪರಿಗೆ ತಿಳಿಸಬೇಕು.

ಬಸಾಪಟ್ಟಣ ಕ್ರಾಸ್

ಹಂಗಾದ್ರ ಡಿಸಿ ಮ್ಯಾಲೆ ಕಲಬುರಗಿ ಪ್ರಾದೇಶಿಕ ಆಯುಕ್ತರು ಇದ್ದಂಗ ಅಲ್ಲೇನ್ರಿ? ನಮ್ಮ ಕಡೆ ಎಲ್ಲಾರೂ ಹಂಗೇ ತಿಳ್ಕೊಂಡಾರ.

ಕೌಲ್‌ಬಜಾರ್

ಅಲ್ಲ ಸರ್. ಆಯುಕ್ತರು ಡಿಸಿ ಆದೇಶವನ್ನು ರದ್ದು ಮಾಡಬಲ್ಲರು. ಆರ್ಚ್‌ಬಿಷಪ್ಪರು ಬಳ್ಳಾರಿ ಬಿಷಪ್ಪರ ಆಡಳಿತ ಆದೇಶ ರದ್ದು ಮಾಡಲಾರರು. ಅಂಥ ಮೇಲ್ಮನವಿ ನೇರ ರೋಮಿನ ಇಲಾಖೆಗೆ. ಮೇಲ್ಮನವಿ ಬೆಂಗಳೂರಿಗೆ ಹೋಗುವುದು ನ್ಯಾಯಪೀಠದ ವಿಷಯದಲ್ಲಿ, ಮುಖ್ಯವಾಗಿ ಮದುವೆ ಅಸಿಂಧು ಪ್ರಕರಣಗಳಲ್ಲಿ. ಬಳ್ಳಾರಿ ಬಿಷಪ್ಪರ ನ್ಯಾಯಪೀಠ ಮೊದಲ ತೀರ್ಪು ಕೊಟ್ಟರೆ ಎರಡನೇ ಹಂತ ಮೆಟ್ರೊಪಾಲಿಟನ್ ನ್ಯಾಯಪೀಠ. ತೀರ್ಪು ಗೊತ್ತಾದ 15 ದಿನದೊಳಗೆ, ತೀರ್ಪು ಕೊಟ್ಟ ಪೀಠದ ಮುಂದೆಯೇ ಮೇಲ್ಮನವಿಯ ಇಂಗಿತ ಹೇಳಬೇಕು. ಆಮೇಲೆ ಒಂದು ತಿಂಗಳೊಳಗೆ ಮೇಲಿನ ಪೀಠದಲ್ಲಿ ಮುಂದುವರಿಸಬೇಕು. ಬಹಳ ಜನ ನೇರ ಬೆಂಗಳೂರಿಗೆ ಪತ್ರ ಬರೆದು ಕೂರುತ್ತಾರೆ, 15 ದಿನ ಕಳೆದುಹೋಗುತ್ತದೆ.

ಹಿಂದೆ ಇಂಥ ಪ್ರಕರಣದಲ್ಲಿ ಎರಡೂ ಪೀಠ ಒಂದೇ ತೀರ್ಪು ಕೊಡಬೇಕಿತ್ತು. 2015ರ ಡಿಸೆಂಬರ್ 8ರಿಂದ ಪೋಪ್ ಫ್ರಾನ್ಸಿಸ್ ಅದನ್ನು ತೆಗೆದರು. ಈಗ ಯಾರೂ ಮೇಲ್ಮನವಿ ಹಾಕದಿದ್ದರೆ ಮೊದಲ ತೀರ್ಪೇ ಸಾಕು.

2019ರ ನಂತರ ಇನ್ನೊಂದು ಜವಾಬ್ದಾರಿ ಸೇರಿದೆ. ಲೈಂಗಿಕ ದೌರ್ಜನ್ಯದ, ಅಥವಾ ಅದನ್ನು ಮುಚ್ಚಿಹಾಕಿದ ದೂರು ಒಬ್ಬ ಬಿಷಪ್ಪರ ಮೇಲೇ ಬಂದರೆ, ರೋಮಿನಿಂದ ಆದೇಶ ಪಡೆದು ತನಿಖೆ ಮಾಡುವವರು ಸಾಮಾನ್ಯವಾಗಿ ಆ ಪ್ರಾಂತ್ಯದ ಮೆಟ್ರೊಪಾಲಿಟನ್. ದೂರು ಮೆಟ್ರೊಪಾಲಿಟನ್ನರ ಮೇಲೇ ಇದ್ದರೆ ಅದು ರೋಮಿಗೂ, ಪ್ರಾಂತ್ಯದ ಬಿಷಪ್ಪರಲ್ಲಿ ನೇಮಕದಲ್ಲಿ ಹಿರಿಯರಾದವರಿಗೂ ಹೋಗುತ್ತದೆ. ನನ್ನ ಪ್ರಕಾರ ಈ ಪದವಿಗೆ ನಿಜವಾದ ತೂಕ ಬಂದದ್ದು ಇಲ್ಲಿಂದಲೇ. ಅದಕ್ಕೆ ಮೊದಲು ಇದ್ದ ಅಧಿಕಾರಗಳು ಬಳಕೆಗೆ ಬರುತ್ತಿದ್ದುದು ಅಪರೂಪ.

ಹಳೇ ದಫ್ತರ

ಇತಿಹಾಸದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ನಿಮ್ಮ ಗೊಂದಲಕ್ಕೆ ಕಾರಣ, ಇವತ್ತಿನ ಕರ್ನಾಟಕದ ನಕ್ಷೆ ಇಟ್ಟುಕೊಂಡು ಹಿಂದಕ್ಕೆ ನೋಡುತ್ತಿರುವುದು. ಧರ್ಮಕ್ಷೇತ್ರಗಳು ಹುಟ್ಟಿದಾಗ ಆ ನಕ್ಷೆಯೇ ಇರಲಿಲ್ಲ.

ಬೆಂಗಳೂರು ಮೈಸೂರಿನ ಮಗು. ಮೈಸೂರು ಸೀಮೆಗೆ ಯೇಸುಸಭೆಯ (ಜೆಸ್ಯೂಟ್) ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಬಂದದ್ದು 1640ರ ದಶಕದ ಕೊನೆಯಲ್ಲಿ, ಶ್ರೀರಂಗಪಟ್ಟಣಕ್ಕೆ. 1773ರಲ್ಲಿ ಯೇಸುಸಭೆಯನ್ನೇ ರೋಮ್ ವಿಸರ್ಜಿಸಿದ ಮೇಲೆ ಕೆಲಸ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಚದುರಿದ ಕ್ರೈಸ್ತರನ್ನು ಕೂಡಿಸಿದ ಅಬ್ಬೆ ದ್ಯುಬ್ವಾ ಇದೇ ಸಂಘದವರು. ಪಾಂಡಿಚೇರಿಯ ಕೈಯಿಂದ ಬಿಡಿಸಿಕೊಂಡು 1850ರಲ್ಲಿ ಮೈಸೂರು ಅಪೊಸ್ತಲಿಕ್ ವಿಕಾರಿಯೇಟ್ (ಪೂರ್ಣ ಧರ್ಮಕ್ಷೇತ್ರವಾಗುವ ಮೊದಲಿನ ಹಂತ) ಆಯಿತು, ಮುಖ್ಯಸ್ಥರು ಎತಿಯೆನ್ ಶಾರ್ಬೊನೊ. 1886ರಲ್ಲಿ ಪೋಪ್ 13ನೇ ಲಿಯೊ ಭಾರತಕ್ಕೆ ಪೂರ್ಣ ಧರ್ಮಕ್ಷೇತ್ರ ವ್ಯವಸ್ಥೆ ತಂದಾಗ ಅದೇ ಮೈಸೂರು ಧರ್ಮಕ್ಷೇತ್ರ. ಹೆಸರು ಮೈಸೂರಿನದು, ಬಿಷಪ್ಪರು ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ! ಆದ್ದರಿಂದ 1940ಕ್ಕೆ ಮೊದಲಿನ ಬೆಂಗಳೂರಿನ ಪ್ರಮಾಣಪತ್ರದಲ್ಲಿ ಮೈಸೂರು ಧರ್ಮಕ್ಷೇತ್ರ ಅಂತ ಇದ್ದರೆ ಅದು ತಪ್ಪಲ್ಲ.

1940ರ ಫೆಬ್ರುವರಿ 13ರಂದು ಎರಡೂ ಬೇರೆಯಾದವು. ಮೈಸೂರಿನ ಬಿಷಪ್ಪರಾಗಿದ್ದ ಮೊರಿಸ್ ದೆಸ್ಪಾತ್ಯೂರ್ ಬೆಂಗಳೂರನ್ನು ಇಟ್ಟುಕೊಂಡರು, ಮೈಸೂರಿಗೆ ರೆನೆ ಫ್ಯೂಗಾ ಬಂದರು. ದೆಸ್ಪಾತ್ಯೂರ್ 1942ರಲ್ಲಿ ತೀರಿಕೊಂಡರು. ಆಗ ಬಂದ ಥಾಮಸ್ ಪೊತಕಮೂರಿ ತೆಲುಗು ನಾಡಿನವರು, ಬೆಂಗಳೂರಿನ ಮೊದಲ ಭಾರತೀಯ ಬಿಷಪ್. 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಕ್ಷೇತ್ರವಾದಾಗ ಅವರೇ ಮೊದಲ ಆರ್ಚ್‌ಬಿಷಪ್.

ನಿಮ್ಮ ಚೌಕಟ್ಟಿಗೆ: ಥಾಮಸ್ ಪೊತಕಮೂರಿ (1953–1968), ಸೈಮನ್ ಲೂರ್ದುಸ್ವಾಮಿ (1968–1971), ಪಾಕಿಯಂ ಆರೋಗ್ಯಸ್ವಾಮಿ (1971–1986), ಆಲ್ಫೋನ್ಸ್ ಮತಾಯಸ್ (1986–1998), ಇಗ್ನೇಷಿಯಸ್ ಪಿಂಟೊ (1998–2004), ಬರ್ನಾರ್ಡ್ ಮೊರಾಸ್ (2004–2018), ಪೀಟರ್ ಮಚಾದೊ (2018ರಿಂದ). ಮೊದಲ ಸಾಲಿಗೆ 1942 ಅಂತ ಹಾಕಬೇಡಿ. ಆಗ ಅವರು ಬಿಷಪ್ ಅಷ್ಟೇ. ಲೂರ್ದುಸ್ವಾಮಿ ಮೂರೇ ವರ್ಷ ಇದ್ದದ್ದು ಅಚ್ಚಿನ ತಪ್ಪಲ್ಲ, ಅವರನ್ನು ರೋಮಿಗೆ ಕರೆಸಿಕೊಂಡರು, 1985ರಲ್ಲಿ ಕಾರ್ಡಿನಲ್ ಆದರು.

ಆ ಪಟ್ಟಿಯಲ್ಲಿ ಕೊನೆಯ ನಾಲ್ವರನ್ನು ಗಮನಿಸಿ. ಮತಾಯಸ್ ಚಿಕ್ಕಮಗಳೂರಿನ ಬಿಷಪ್ ಆಗಿದ್ದವರು, ಪಿಂಟೊ ಶಿವಮೊಗ್ಗದವರು, ಮೊರಾಸ್ ಮತ್ತು ಮಚಾದೊ ಇಬ್ಬರೂ ಬೆಳಗಾವಿಯವರು. ನಾಲ್ವರೂ ಇದೇ ಪ್ರಾಂತ್ಯದ ಬೇರೆ ಪೀಠದಿಂದ ಬಂದವರು. ಬೆಂಗಳೂರು ಪೀಠ ಖಾಲಿಯಾದಾಗ ಬಳ್ಳಾರಿ, ಮೈಸೂರು ಕಡೆಯೂ ಊಹಾಪೋಹ ಏಳುವುದು ಇದಕ್ಕೇ.

ಈಗ ಬಳ್ಳಾರಿ. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಸೀಮೆ ಇದು, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಧರ್ಮಸಭೆಯ ಲೆಕ್ಕದಲ್ಲೂ ಮದ್ರಾಸಿಗೇ ಸೇರಿತ್ತು. 1928ರಲ್ಲಿ ಮದ್ರಾಸಿನಿಂದ ಬಿಡಿಸಿ ಸ್ವತಂತ್ರ ಮಿಷನ್ (ಧರ್ಮಕ್ಷೇತ್ರಕ್ಕಿಂತ ಕೆಳಗಿನ ಹಂತ) ಮಾಡಿದರು, 1949ರಲ್ಲಿ ಧರ್ಮಕ್ಷೇತ್ರ ಆಯಿತು. ಅಂದರೆ ಬೆಂಗಳೂರು ಆರ್ಚ್‌ಬಿಷಪ್ ಪೀಠಕ್ಕಿಂತ ಬಳ್ಳಾರಿ ಧರ್ಮಕ್ಷೇತ್ರ ನಾಲ್ಕು ವರ್ಷ ಹಿರಿದು. "ಬೆಂಗಳೂರಿನಿಂದ ಬೇರ್ಪಟ್ಟ ಬಳ್ಳಾರಿ" ಅಂತ ಎಲ್ಲಾದರೂ ಬರೆದಿದ್ದರೆ ಅದನ್ನೂ ಹೊಡೆದುಹಾಕಿ. ಮೊದಲ ಇಬ್ಬರು ಬಿಷಪ್ಪರು, ಜಾನ್ ಫಾರೆಸ್ಟ್ ಹೋಗನ್ ಮತ್ತು ಅಂಬ್ರೋಸ್ ಯೆದ್ದನಪಲ್ಲಿ, ಫ್ರಾನ್ಸಿಸ್ಕನ್ ಸಭೆಯವರು. ಆಮೇಲೆ ಜೋಸೆಫ್ ಡಿಸಿಲ್ವ. ಅವರು 2006ರಲ್ಲಿ ತೀರಿಕೊಂಡರು, 2008ರಲ್ಲಿ ಹೆನ್ರಿ ಡಿಸೋಜ ಬಂದರು. ನಡುವಿನ ಅವಧಿಯ ನಿಮ್ಮ ಕಡತದಲ್ಲಿ ಬಿಷಪ್ಪರ ಸಹಿ ಇರಬೇಕಾದ ಕಡೆ ಆಡಳಿತಗಾರರ ಸಹಿ ಇದ್ದರೆ ಗಾಬರಿ ಬೇಡ. ಪೀಠ ಖಾಲಿ ಇದ್ದಾಗ ಹೊಸದೇನೂ ಬದಲಿಸಬಾರದು ಅಂತ ನಿಯಮ, ಆದ್ದರಿಂದ ಆ ಕಾಲದ ದೊಡ್ಡ ನಿರ್ಣಯಗಳು ಕಡಿಮೆ ಸಿಗುತ್ತವೆ.

ಒಂದು ಕಾಕತಾಳೀಯ: ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1, ಬೆಂಗಳೂರು ಮಹಾಧರ್ಮಕ್ಷೇತ್ರವಾದ 12 ದಿನಕ್ಕೆ. ಒಂದರಿಂದ ಇನ್ನೊಂದು ಆಯಿತು ಅಂತ ಬರೆಯಬೇಡಿ. ರಾಯಚೂರು, ಕೊಪ್ಪಳ ಸೀಮೆ ಬಂದದ್ದು 1956ರಲ್ಲಿ, ನಿಜಾಮನ ಹೈದರಾಬಾದ್ ರಾಜ್ಯದಿಂದ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ವಿಜಯನಗರ 2021ರಲ್ಲಿ. ಸರ್ಕಾರ ಜಿಲ್ಲೆ ಒಡೆದರೆ ಧರ್ಮಕ್ಷೇತ್ರದ ಗಡಿ ತಾನಾಗಿ ಸರಿಯುವುದಿಲ್ಲ, ಅದಕ್ಕೆ ರೋಮಿನ ಆದೇಶವೇ ಬೇಕು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ 2018ರಲ್ಲಿ ವಾಪಸ್ ಬಂತಲ್ಲ, ಅಂಥ ಕಡೆ ತಾಲ್ಲೂಕು ನೋಡಿ ಧರ್ಮಕ್ಷೇತ್ರ ಬರೆದರೆ ಎಡವಟ್ಟಾಗುತ್ತದೆ.

ಗಂಗಾವತಿ ದಂಡೆ

ಬಹಳ ಉಪಕಾರ. ಸಂಚಿಕೆಯಲ್ಲಿ ಹಳೇ ಕುಟುಂಬಗಳ ಜ್ಞಾನಸ್ನಾನದ ದಾಖಲೆಗಳನ್ನೂ ಹಾಕುವ ಆಸೆ ಇದೆ. ಹಳೇ ಪುಸ್ತಕ ಓದೋಕೇ ಆಗುತ್ತಿಲ್ಲ. ಮದ್ರಾಸಿಗೆ ಬರೆಯಬೇಕಾ?

ಹಳೇ ದಫ್ತರ

ಮೊದಲು ಮದ್ರಾಸ್ ಬೇಡ. ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇರುವುದು ಧರ್ಮಕೇಂದ್ರದಲ್ಲಿ. ಮೇಲಿನ ಕ್ಷೇತ್ರ ಬದಲಾದರೂ ಪುಸ್ತಕ ಸಾಮಾನ್ಯವಾಗಿ ಅದೇ ಚರ್ಚಿನ ಬೀರುವಿನಲ್ಲಿ ಉಳಿಯುತ್ತದೆ. ನಿಮ್ಮ ಊರು ಆ ಕಾಲದಲ್ಲಿ ಯಾವ ದೊಡ್ಡ ಚರ್ಚಿನ ಉಪಕೇಂದ್ರವಾಗಿತ್ತು ಅನ್ನುವುದನ್ನು ಹುಡುಕಿ. ದಾಖಲೆ ಆ ತಾಯಿ ಚರ್ಚಿನಲ್ಲಿರುತ್ತದೆ. ನಿಮ್ಮ ಫಾದರ್ ಮೂಲಕ ಪತ್ರ ಬರೆಸಿ. ವ್ಯಕ್ತಿಯ ಹೆಸರು, ತಂದೆ ತಾಯಿ ಹೆಸರು, ಅಂದಾಜು ಇಸವಿ, ಹಿಂದೆ ಮುಂದೆ ಎರಡೆರಡು ವರ್ಷ ಹುಡುಕಲು ವಿನಂತಿ, ಉದ್ದೇಶ, ಇಷ್ಟು ಇರಲಿ. "ನಮ್ಮ ಅಜ್ಜಂದು ಕೊಡಿ" ಅಂತ ಬರೆದ ಪತ್ರಕ್ಕೆ ಉತ್ತರ ಬರಲ್ಲ.

ಓದುವಾಗ ಎಡವುವುದು ಎರಡು ಕಡೆ. ಲ್ಯಾಟಿನ್ ಪುಸ್ತಕಗಳಲ್ಲಿ ತಿಂಗಳನ್ನು ಅಂಕಿ ಹಾಕಿ ಚುಟುಕಾಗಿ ಬರೆಯುತ್ತಿದ್ದರು. "7ಬರ್" ಅಂದರೆ ಸೆಪ್ಟೆಂಬರ್, ಜುಲೈ ಅಲ್ಲ. "8ಬರ್" ಅಕ್ಟೋಬರ್, "9ಬರ್" ನವೆಂಬರ್, ಎಕ್ಸ್ ಅಕ್ಷರ ಹಾಕಿ "ಬರ್" ಅಂತಿದ್ದರೆ ಡಿಸೆಂಬರ್. ಎರಡನೆಯದು ಹೆಸರು. ಮನೆಯಲ್ಲಿ ರಾಯಪ್ಪ ಆಗಿದ್ದವರು ಪುಸ್ತಕದಲ್ಲಿ ಪೇತ್ರುಸ್, ಚಿನ್ನಪ್ಪ ಪೌಲುಸ್, ಇನ್ನಾಸಪ್ಪ ಇಗ್ನಾಸಿಯುಸ್, ಚೌರಪ್ಪ ಕ್ಸಾವೇರಿಯುಸ್. ಮನೆ ಹೆಸರಲ್ಲಿ ಹುಡುಕಿ "ಇಲ್ಲ" ಅಂದುಬಿಡುತ್ತಾರೆ. ಪುಟದ ಅಂಚಿನ ಸಣ್ಣ ಬರಹವನ್ನೂ ನಕಲು ಮಾಡಿಕೊಳ್ಳಿ. ದೃಢೀಕರಣ ಸಂಸ್ಕಾರ, ಮದುವೆ ಎಲ್ಲಿ ಆಯಿತು ಎಂಬುದು ಅಲ್ಲೇ ಇರುತ್ತದೆ, ಮುಂದಿನ ಚರ್ಚಿನ ಸುಳಿವೂ ಅದೇ.

ಪುಸ್ತಕವೇ ಹುಳ ತಿಂದು ಹೋಗಿದ್ದರೆ, 876ನೇ ವಿಧಿಯ ಪ್ರಕಾರ ನಂಬಲರ್ಹ ಒಬ್ಬ ಸಾಕ್ಷಿಯ ಹೇಳಿಕೆ ಸಾಕು, ಯಾರಿಗೂ ಅದರಿಂದ ತೊಂದರೆ ಆಗದಿದ್ದರೆ. ಆದರೆ ಅದು ಬದುಕಿರುವವರ ಮದುವೆ ಮುಂತಾದ ಕೆಲಸಕ್ಕೆ. ಸ್ಮರಣ ಸಂಚಿಕೆಗೆ ಅದನ್ನು ದಾಖಲೆ ಅಂತ ಅಚ್ಚು ಹಾಕಬೇಡಿ. ಬದುಕಿರುವವರ ಪುಟಗಳ ಫೋಟೊ ಹಾಕುವುದೂ ಬೇಡ. ಅಂಚಿನ ಬರಹದಲ್ಲಿ ದತ್ತು, ಅಸಿಂಧು ಮದುವೆಯಂಥ ಖಾಸಗಿ ವಿಷಯ ಇರುತ್ತದೆ.

ಬಸಾಪಟ್ಟಣ ಕ್ರಾಸ್

ಒಂದು ಫೋಟೊ ಐತ್ರಿ ನಮ್ಮತ್ರ. ಹಬ್ಬದ ಪೂಜೆಯೊಳಗ ಇಬ್ಬರೂ ಮೈಟರ್ (ಬಿಷಪ್ಪರ ಚೂಪು ಟೊಪ್ಪಿಗಿ) ಹಾಕ್ಯಾರ, ಯಾರು ಬಿಷಪ್ಪು ಯಾರು ಆರ್ಚ್‌ಬಿಷಪ್ಪು ತಿಳೀವಲ್ದು. ಅಡಿಬರಹ ಹೆಂಗ ಬರೀಬೇಕ್ರಿ?

ಕೌಲ್‌ಬಜಾರ್

ಕೊರಳ ಸುತ್ತ ನೋಡಿ. ಪೂಜಾವಸ್ತ್ರದ ಮೇಲೆ, ಕಪ್ಪು ಶಿಲುಬೆಗಳಿರುವ ಬಿಳಿ ಉಣ್ಣೆಯ ಪಟ್ಟಿ ಇದ್ದರೆ ಅದು ಪಾಲಿಯಂ, ಆರ್ಚ್‌ಬಿಷಪ್ಪರದು. ಮೆಟ್ರೊಪಾಲಿಟನ್ ಆದವರು ನೇಮಕವಾದ ಮೂರು ತಿಂಗಳೊಳಗೆ ಅದನ್ನು ಪೋಪರಿಂದ ಕೇಳಿ ಪಡೆಯಬೇಕು, ತಮ್ಮ ಪ್ರಾಂತ್ಯದೊಳಗೆ ಮಾತ್ರ ಧರಿಸಬಹುದು. ಬಳ್ಳಾರಿ ಈ ಪ್ರಾಂತ್ಯದೊಳಗೇ ಇರುವುದರಿಂದ ಇಲ್ಲೂ ಹಾಕಿಕೊಳ್ಳುತ್ತಾರೆ. ಅದಿಲ್ಲದಿದ್ದರೆ ಫೋಟೊದಿಂದ ತೀರ್ಮಾನಿಸಬೇಡಿ, ಆವತ್ತಿನ ಆಹ್ವಾನ ಪತ್ರಿಕೆ ಹುಡುಕಿ. ನಿವೃತ್ತರಾದವರನ್ನು "ಆರ್ಚ್‌ಬಿಷಪ್" ಅಂತಲೇ ಕರೆಯುತ್ತಾರೆ, ಆದರೆ ಇಸವಿ ನೋಡಿ "ನಿವೃತ್ತ" ಸೇರಿಸಿ. 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕು, ಪೋಪರು ಒಪ್ಪಿದ ದಿನದಿಂದ ಮಾತ್ರ ಅದು ಜಾರಿ. ನಿವೃತ್ತರಿಗೆ ಮತ್ತೆ ಕೆಲಸ ಬರುವುದೂ ಉಂಟು. 2023ರಲ್ಲಿ ಬರ್ನಾರ್ಡ್ ಮೊರಾಸ್ ಅವರನ್ನು ಮೈಸೂರಿಗೆ ಅಪೊಸ್ತಲಿಕ್ ಆಡಳಿತಗಾರರನ್ನಾಗಿ (ರೋಮ್ ನೇಮಿಸುವ ತಾತ್ಕಾಲಿಕ ಆಡಳಿತಗಾರ) ನೇಮಿಸಿದ್ದರು. ಆ ಅವಧಿಯ ಫೋಟೊಗೆ "ಮೈಸೂರು ಬಿಷಪ್" ಅಂತ ಬರೆದರೆ ತಪ್ಪಾಗುತ್ತದೆ.

ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹೊಸ ನೇಮಕವೇನಾದರೂ ಆದರೆ: ವ್ಯಾಟಿಕನ್ ಪ್ರಕಟಣೆ ಅಲ್ಲಿನ ಮಧ್ಯಾಹ್ನ 12ಕ್ಕೆ, ನಮ್ಮಲ್ಲಿ ಬೇಸಿಗೆ ತಿಂಗಳುಗಳಲ್ಲಿ 3.30, ಚಳಿಗಾಲದಲ್ಲಿ 4.30. ಅದಕ್ಕೆ ಮೊದಲು ವಾಟ್ಸಾಪಿನಲ್ಲಿ ಬಂದ ಹೆಸರನ್ನು ಮುದ್ರಣಕ್ಕೆ ಕಳಿಸಬೇಡಿ. ಹೆಸರು ಪ್ರಕಟವಾದರೂ ಅಧಿಕಾರ ವಹಿಸಿಕೊಳ್ಳುವವರೆಗೆ ಅವರು "ನಿಯೋಜಿತ". ಆಗಲೇ ಬಿಷಪ್ ಆಗಿದ್ದವರಿಗೆ ಎರಡು ತಿಂಗಳು, ಹೊಸದಾಗಿ ಅಭಿಷೇಕ ಆಗಬೇಕಾದವರಿಗೆ ನಾಲ್ಕು ತಿಂಗಳು ಗಡುವಿದೆ.