ಟೆಕ್ಸಾಸ್‌ನಲ್ಲಿ ಏರುತ್ತಿರುವ ಮನೆ ತೆರಿಗೆ, ವಿಮೆ: ಸಲಹೆ ಬೇಕು

ಪ್ರಶ್ನೆ: ಆಸ್ಟಿನ್ ಬಳಿ ನಾವು ವಾಸವಿರುವ ಮನೆಯ ತೆರಿಗೆ ಮೌಲ್ಯಮಾಪನದ ನೋಟಿಸ್ ಬಂದ ವಾರವೇ ವಿಮೆಯ ನವೀಕರಣ ಪತ್ರವೂ ಬಂದಿದ್ದು, ಎರಡೂ ಮೊತ್ತಗಳು ಬಹಳ ಏರಿವೆ. ಎಲ್ಲಿಂದ ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಹೋಮ್‌ಸ್ಟೆಡ್ ವಿನಾಯಿತಿ (ಮಾಲೀಕರು ತಾವೇ ವಾಸಿಸುವ ಮನೆಗೆ ಸಿಗುವ ತೆರಿಗೆ ರಿಯಾಯಿತಿ) ಇದೆಯೇ ನೋಡಿ, ಅದು ದೊರೆತ ಮರುವರ್ಷದಿಂದ ತೆರಿಗೆಗೆ ಒಳಪಡುವ ಮೌಲ್ಯ, ಹೊಸದಾಗಿ ಕಟ್ಟಿಸಿದ ಭಾಗವನ್ನು ಬಿಟ್ಟರೆ, ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರುವಂತಿಲ್ಲ. ಮೌಲ್ಯಮಾಪನಕ್ಕೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಮೇ 15 ಕೊನೆಯ ದಿನ. ನಾನು ಸೋರುವ ಚಾವಣಿಯ ಫೋಟೊಗಳನ್ನೂ ದುರಸ್ತಿಯ ಅಂದಾಜು ಪಟ್ಟಿಯನ್ನೂ ಕೊಟ್ಟಿದ್ದೆ; ನನ್ನ ವಾದಕ್ಕಿಂತ ಅವೇ ಕೆಲಸಕ್ಕೆ ಬಂದವು.

ಉತ್ತರ 2: ವಿಮೆಯಲ್ಲಿ ಪ್ರೀಮಿಯಂ ಒಂದನ್ನೇ ನೋಡಬೇಡಿ. ಆಲಿಕಲ್ಲಿನ ಹಾನಿಗೆ ಡಿಡಕ್ಟಿಬಲ್ ಶೇ. 2 ಎಂದಿದ್ದರೆ, 4 ಲಕ್ಷ ಡಾಲರ್‌ಗೆ ವಿಮೆ ಮಾಡಿಸಿದ ಮನೆಯಲ್ಲಿ ಮೊದಲ 8,000 ಡಾಲರ್ ನೀವೇ ಭರಿಸಬೇಕು.

ಪ್ರಶ್ನೆ ಕೇಳಿದವರು: ವಿನಾಯಿತಿಗೆ ನಾವು ಅರ್ಜಿಯನ್ನೇ ಹಾಕಿರಲಿಲ್ಲ. ಇಂದೇ ಸಲ್ಲಿಸುತ್ತೇನೆ.