ಹಾರಂಗಿ ಹಿನ್ನೀರಿನಲ್ಲಿ ದೋಣಿ ಮೂತಿ ಎತ್ತಿ ಕುಣಿಯುತ್ತಿದೆ, ಟ್ರಿಮ್ ಟ್ಯಾಬ್ ಹಾಕಿದರೆ ಸರಿ ಹೋಗುತ್ತಾ?

ಕುಶಾಲನಗರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಹುಡುಗರ ಒಂದು ಸಣ್ಣ ತಂಡ. 2018ರಲ್ಲೂ 2019ರಲ್ಲೂ ಕಾವೇರಿ ಇಲ್ಲಿನ ಬಡಾವಣೆಗಳಿಗೆ ನುಗ್ಗಿದಾಗ ಮನೆ ಮೇಲೆ ನಿಂತವರನ್ನು ಕರೆತರಲು ನಮ್ಮ ಕೈಯಲ್ಲಿ ಒಂದು ದೋಣಿ ಇರಲಿಲ್ಲ. ಆ ಸಂಕಟ ಇನ್ನೂ ಮರೆತಿಲ್ಲ. ಅದಕ್ಕೇ ದುಡ್ಡು ಕೂಡಿಸಿ ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ ತಂದೆವು. 15 ಅಡಿ ಉದ್ದ, ಹಿಂದಿನ ಹಲಗೆಗೆ ತೂಗು ಹಾಕಿದ 40 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಅನುಮತಿ ಪಡೆದು ಹಾರಂಗಿ ಹಿನ್ನೀರಿನಲ್ಲಿ ಭಾನುವಾರ ಅಭ್ಯಾಸ ಮಾಡುತ್ತೇವೆ.

ತೊಂದರೆ ಮೂರು. ಥ್ರಾಟಲ್ ಕೊಟ್ಟ ಕೂಡಲೇ ಮೂತಿ ಆಕಾಶ ನೋಡುತ್ತದೆ, ಓಡಿಸುವವನಿಗೆ ಮುಂದಿನ ನೀರೇ ಕಾಣುವುದಿಲ್ಲ, ಹತ್ತು ಹನ್ನೆರಡು ಸೆಕೆಂಡ್ ಆದ ಮೇಲೆ ಹೇಗೋ ದೋಣಿ ನೀರಿನ ಮೇಲೆ ಏಳುತ್ತದೆ. ಎದ್ದ ಮೇಲೆ ಇನ್ನೊಂದು ಕಾಟ, ಗಂಟೆಗೆ 30 ಕಿಲೋಮೀಟರ್ ದಾಟಿದರೆ ಮೂತಿ ಮೇಲೆ ಕೆಳಗೆ ಒಂದೇ ತಾಳದಲ್ಲಿ ಕುಣಿಯಲು ಶುರು. ನೀರು ಕನ್ನಡಿ ಥರ ಇದ್ದರೂ ಕುಣಿಯುತ್ತದೆ. ಜೊತೆಗೆ ಬಲಕ್ಕೆ ವಾಲುತ್ತದೆ. ಟ್ರಿಮ್ ಟ್ಯಾಬ್ ಹಾಕಿ ಅಂತ ಒಬ್ಬರು ಹೇಳಿದರು. ಖರ್ಚು ಕಡಿಮೆಯೇನಲ್ಲ. ಹಾಕಿದರೆ ನಿಜವಾಗಿ ಸರಿ ಹೋಗುತ್ತಾ?

ಮಲ್ಪೆಯಿಂದ:

ಹೋಗುತ್ತದೆ ಮಾರಾಯ್ರೇ, ಆದರೆ ಈಗಲೇ ಹಾಕಬೇಡಿ. ಟ್ಯಾಬ್ ಅಂದರೆ ಹಿಂದಿನ ಹಲಗೆಯ ಕೆಳ ಅಂಚಿಗೆ ಕೀಲು ಹಾಕಿ ಕೂರಿಸುವ ಎರಡು ತಗಡು, ಅಷ್ಟೇ. ಅದು ಕೆಳಗೆ ಬಾಗಿದಾಗ ಓಡುವ ನೀರು ತಗಡಿಗೆ ಬಡಿದು ಹಿಂಭಾಗವನ್ನು ಎತ್ತುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ಬೇರೆ ಎಲ್ಲೋ ಇರುವ ದೋಷವನ್ನು ಈ ತಗಡಿನಿಂದ ಮುಚ್ಚಲು ಹೋದರೆ ದೋಷ ಹಾಗೇ ಉಳಿಯುತ್ತದೆ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ.

ಮೊದಲು ಇಷ್ಟು ನೋಡಿ ಹೇಳಿ. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಲಂಗರು ಎಲ್ಲೆಲ್ಲಿ ಇಟ್ಟಿದ್ದೀರಿ? ಎಂಜಿನ್ನಿನ ಟ್ರಿಮ್ ಪಿನ್, ಅಂದರೆ ಅದರ ಓರೆ ಹೊಂದಿಸುವ ಕಡ್ಡಿ, ಎಷ್ಟನೇ ತೂತಿನಲ್ಲಿದೆ? ಎಂಜಿನ್ನಿನ ಕಾಲು (ನೀರಲ್ಲಿ ಮುಳುಗುವ ಕೆಳಭಾಗ) ಹೊರಕ್ಕೆ ಚಾಚಿದ್ದರೆ ಮೂತಿ ಎತ್ತುತ್ತದೆ, ಕುಣಿತಕ್ಕೆ ಹೆಚ್ಚಿನ ಸಲ ಅದೇ ಕಾರಣ. ಪ್ರೊಪೆಲ್ಲರ್ ಮೇಲೆ ಚಪ್ಪಟೆ ಪ್ಲೇಟ್ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಸಮ ಇದೆಯಾ, ಮೇಲಿದೆಯಾ, ಕೆಳಗಿದೆಯಾ?

ಆಮೇಲೆ ದೋಣಿಯನ್ನು ಟ್ರೈಲರ್ ಮೇಲೆ ಹತ್ತಿಸಿ. ಐದಡಿ ಉದ್ದದ ನೇರ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿಯಿರಿ, ಹಿಂದಿನ ಅಂಚಿನಿಂದ ಮುಂದಕ್ಕೆ. ನಡುವೆ ತಳ ಹೊಟ್ಟೆ ಬಿಟ್ಟಿದ್ದರೆ ಕುಣಿಯುತ್ತದೆ. ಹೊಟ್ಟೆ ಒಳಕ್ಕೆ ಹೋಗಿದ್ದರೆ ಉಲ್ಟಾ, ಮೂತಿ ನೀರಿಗೆ ಒತ್ತುತ್ತದೆ. ಹಳೆಯ ದೋಣಿಯನ್ನು ಸರಿಯಾದ ಆಧಾರ ಇಲ್ಲದೆ ವರ್ಷಗಟ್ಟಲೆ ಇಟ್ಟರೆ ತಳ ಹೀಗೆ ಸೊಟ್ಟ ಆಗುತ್ತದೆ. ಮತ್ತೆ ಫುಲ್ ಥ್ರಾಟಲ್‌ನಲ್ಲಿ ಆರ್‌ಪಿಎಂ ಎಷ್ಟು ಬರುತ್ತದೆ ಅಂತ ಮರೆಯದೆ ಬರೆಯಿರಿ.

ಕುಶಾಲನಗರದಿಂದ:

ಥ್ಯಾಂಕ್ಸ್ ಸರ್. ನೀವು ಹೇಳಿದ್ದನ್ನೆಲ್ಲ ನೋಡಿದೆವು. ಬ್ಯಾಟರಿ, 25 ಲೀಟರ್ ಟ್ಯಾಂಕ್ ಎರಡೂ ಹಿಂದೆ ಬಲಗಡೆ ಇದ್ದವು, ಸ್ಟಿಯರಿಂಗ್ ಕೂಡ ಬಲಕ್ಕೇ. ಪಿನ್ ಮೂರನೇ ತೂತಿನಲ್ಲಿತ್ತು. ತಳ ನೇರ ಇದೆ, ಪಟ್ಟಿ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆವು, ಬೆಳಕು ಎಲ್ಲೂ ತೂರಲಿಲ್ಲ. ಪ್ಲೇಟ್ ತಳಕ್ಕಿಂತ ಅರ್ಧ ಇಂಚು ಮೇಲಿದೆ.

ಬ್ಯಾಟರಿಯನ್ನು ಮುಂದಿನ ಸೀಟಿನ ಕೆಳಗೆ ಒಯ್ದೆವು, ಟ್ಯಾಂಕನ್ನು ಎಡಗಡೆಗೆ. ಪಿನ್ ಒಂದು ತೂತು ಒಳಕ್ಕೆ ಹಾಕಿದೆವು. ನಂಬುತ್ತೀರೋ ಇಲ್ಲವೋ, ಕುಣಿತ ಮುಕ್ಕಾಲು ಭಾಗ ನಿಂತಿತು! ಒಂದು ರೂಪಾಯಿ ಖರ್ಚಿಲ್ಲ. ಆದರೆ ಏಳಲು ಇನ್ನೂ ಒದ್ದಾಡುತ್ತದೆ. ಐದು ಜನ ಕೂತರೆ ಏಳುವುದೇ ಇಲ್ಲ. ಆರ್‌ಪಿಎಂ 4,800 ಮೇಲೆ ಹೋಗುತ್ತಿಲ್ಲ. ಎಂಜಿನ್ ಪುಸ್ತಕದಲ್ಲಿ 5,000ದಿಂದ 6,000 ಅಂತ ಇದೆ.

ಮಡಿಕೇರಿಯಿಂದ:

ನಾನು ದೋಣಿಯವನಲ್ಲ, ಎಂಜಿನ್ ಕೆಲಸ ಮಾಡುವವನು. ಒಂದು ವಿಷಯ ಯಾರೂ ಹೇಳಲಿಲ್ಲ, ಹೇಳಿಬಿಡುತ್ತೇನೆ. ಆ ದೋಣಿ ಓಡುತ್ತಿದ್ದದ್ದು ಸಮುದ್ರ ಮಟ್ಟದಲ್ಲಿ. ಹಾರಂಗಿ ತುಂಬಿದಾಗ ನೀರಿನ ಮಟ್ಟ 2,859 ಅಡಿ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಸಾವಿರ ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಹೋಗುತ್ತದೆ. ಅಂದರೆ ನಿಮ್ಮ 40 ಎಚ್‌ಪಿ ಇಲ್ಲಿ 36, 37ರ ಆಸುಪಾಸು. ಫ್ಯುಯಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲ್ ಪ್ರಮಾಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಆದರೆ ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತದೆ?

ಪ್ರೊಪೆಲ್ಲರ್ ಮಾತ್ರ ಸಮುದ್ರ ಮಟ್ಟದ ಲೆಕ್ಕದ್ದೇ ಇದೆ ಅಲ್ವಾ. ಘಾಟಿ ಹತ್ತುವಾಗ ಟಾಪ್ ಗೇರಿನಲ್ಲಿ ಎಳೆದ ಹಾಗೆ ಆಗುತ್ತಿದೆ ಅದು. ಪಿಚ್ (ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕು ಅನ್ನುವ ಲೆಕ್ಕ) ಎಷ್ಟು ಅಂತ ರೆಕ್ಕೆಯ ಬುಡದಲ್ಲಿ ಅಥವಾ ನಡುವಿನ ಗುಂಬದ ಮೇಲೆ ಕೊರೆದಿರುತ್ತದೆ, ನೋಡಿ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. ಆರ್‌ಪಿಎಂ ಕಡಿಮೆ ಇಟ್ಟುಕೊಂಡು ಫುಲ್ ಥ್ರಾಟಲ್‌ನಲ್ಲಿ ಓಡಿಸುತ್ತಲೇ ಇದ್ದರೆ ಎಂಜಿನ್ ಬೇಗ ಸವೆಯುತ್ತದೆ, ಮುಖ್ಯವಾಗಿ ಅದಕ್ಕೇ ಹೇಳುತ್ತಿದ್ದೇನೆ.

ಮಲ್ಪೆಯಿಂದ:

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಸಮುದ್ರದಲ್ಲೇ ಓಡಿಸುವುದು, ನನಗೆ ಇದು ಹೊಳೆಯಲೇ ಇಲ್ಲ. ಇನ್ನೊಂದು ಸಣ್ಣ ವಿಷಯ, ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದೇ ಭಾರಕ್ಕೆ ದೋಣಿ ಒಂದಿಷ್ಟು ಜಾಸ್ತಿ ಮುಳುಗಿ ನಿಲ್ಲುತ್ತದೆ. ಮೊದಲು ಫ್ಯಾನ್, ಅಂದರೆ ಪ್ರೊಪೆಲ್ಲರ್, ಬದಲಾಯಿಸಿ ನೋಡಿ.

ಕುಶಾಲನಗರದಿಂದ:

ಕೊರೆದಿದ್ದ ನಂಬರ್ 13. ಪಿಚ್ 11ರದ್ದು ತರಿಸಿದೆವು. ಈಗ 5,200 ಬರುತ್ತಿದೆ! ಮೂರು ಜನ ಇದ್ದರೆ ದೋಣಿ ಚೆನ್ನಾಗಿ ಏಳುತ್ತದೆ. ಐದು ಜನ ಕೂತರೂ ಏಳುತ್ತದೆ, ಆದರೆ ಮೂತಿ ತುಂಬಾ ಹೊತ್ತು ಮೇಲೇ ಇರುತ್ತದೆ. ಹಿನ್ನೀರಿನಲ್ಲಿ ಮೀನಿನ ಬಲೆಗಳು, ತೆಪ್ಪಗಳು ಇರುತ್ತವೆ, ಮುಂದೆ ಏನಿದೆ ಅಂತ ಕಾಣದೆ ಓಡಿಸಲು ನನಗೆ ಮನಸ್ಸು ಬರುವುದಿಲ್ಲ. ವಾಲುವುದು ಕೂಡ ಯಾರು ಎಲ್ಲಿ ಕೂತರು ಅನ್ನುವುದರ ಮೇಲೆ ಬದಲಾಗುತ್ತದೆ. ಈಗ ಟ್ಯಾಬ್ ಬಗ್ಗೆ ಹೇಳಿ ಸರ್. ಹಿಂದಿನ ಹಲಗೆಯ ಕೆಳಗಿನ ಅಗಲ 48 ಇಂಚು.

ಮಲ್ಪೆಯಿಂದ:

ಈಗ ಹಾಕಬಹುದು. ಸಾಮಾನ್ಯ ಲೆಕ್ಕ ಏನೆಂದರೆ ದೋಣಿಯ ಒಂದು ಅಡಿಗೆ ಪ್ರತಿ ಬದಿಗೆ ಒಂದು ಇಂಚು ಅಗಲದ ತಗಡು. ನಿಮಗೆ 15 ಇಂಚು ಬೇಕು. ಆದರೆ ಅಷ್ಟು ಜಾಗ ಇಲ್ಲ. ನಡುವಿನಿಂದ ಒಂದು ಬದಿಗೆ 24 ಇಂಚು, ಅದರಲ್ಲಿ ಹೊರ ಅಂಚಿನಿಂದ 4 ಬಿಡಿ, ಎಂಜಿನ್ ಕಡೆ 8 ಬಿಡಲೇಬೇಕು, ಇಲ್ಲದಿದ್ದರೆ ಫ್ಯಾನಿಗೆ ಹೋಗುವ ನೀರು ಕಲಕುತ್ತದೆ. ಉಳಿದದ್ದು 12. ಹಾಗಾಗಿ 12 ಇಂಚು ಅಗಲ, 9 ಇಂಚು ಉದ್ದದ್ದು ತೆಗೆದುಕೊಳ್ಳಿ.

ಎಣ್ಣೆಯ ಒತ್ತಡದ್ದು, ಕರೆಂಟಿನದ್ದು, ಗ್ಯಾಸ್ ಸ್ಟ್ರಟ್ಟಿನದ್ದು (ಗ್ಯಾಸ್ ತುಂಬಿದ, ಸ್ಪ್ರಿಂಗ್ ಥರ ಒತ್ತುವ ಕೊಳವೆ) ಅಂತ ಮೂರು ಥರ ಬರುತ್ತವೆ. ಸಣ್ಣ ದೋಣಿಗೆ ಗ್ಯಾಸಿನದ್ದು ಅಗ್ಗ, ವೈರ್ ಬೇಡ, ಸ್ವಿಚ್ ಬೇಡ, ಸ್ಪೀಡ್ ಏರಿದ ಹಾಗೆ ನೀರೇ ಒತ್ತಿ ತಗಡನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ನಿಮಗೆ ನಾನು ಅದನ್ನು ಹೇಳುವುದಿಲ್ಲ. ನಿಂತಾಗ ಅದು ಕೆಳಗೇ ಇರುತ್ತದೆ, ರಿವರ್ಸ್ ಹಾಕಿದರೆ ಮೊರ ಹಿಡಿದ ಹಾಗೆ ನೀರನ್ನು ತಡೆಯುತ್ತದೆ. ಜನರನ್ನು ಹತ್ತಿಸಿಕೊಳ್ಳುವ ದೋಣಿಗೆ ರಿವರ್ಸ್ ಮುಖ್ಯ. 12 ವೋಲ್ಟಿನ ಕರೆಂಟಿನದ್ದನ್ನೇ ಹಾಕಿ, ಪೂರ್ತಿ ಎತ್ತಿ ಇಡಬಹುದು, ಎಡ ಬಲ ಬೇರೆ ಬೇರೆ ಆಡಿಸಬಹುದು.

ತೂತು ಕೊರೆಯುವ ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ಹಿಂದಿನ ಹಲಗೆಯನ್ನು ಇಂಚಿಂಚು ತಟ್ಟಿ ಕೇಳಿ. ಟಕ್ ಟಕ್ ಅಂದರೆ ಒಳಗಿನ ಪ್ಲೈವುಡ್ ಗಟ್ಟಿ. ದಬ್ ದಬ್ ಅಂತ ಸತ್ತ ಸದ್ದು ಬಂದರೆ ನೀರು ಕುಡಿದು ಕೊಳೆತಿದೆ, ಆ ಹಲಗೆಗೆ ಎಂಜಿನ್ ತೂಗು ಹಾಕುವುದೇ ಅಪಾಯ, ಟ್ಯಾಬ್ ಮಾತು ಆಮೇಲೆ. ಕೀಲನ್ನು ತಳದ ಅಂಚಿಗಿಂತ ಕಾಲು ಇಂಚು ಮೇಲೆ ಕೂರಿಸಿ. ತೂತಿನ ಬಾಯಿಯನ್ನು ದೊಡ್ಡ ಬಿಟ್‌ನಿಂದ ಒಂದು ಸುತ್ತು ಕೆತ್ತಿ, ಆಗ ಮೇಲಿನ ಪದರ ಸೀಳುವುದಿಲ್ಲ. ಸ್ಕ್ರೂ 316 ಸ್ಟೇನ್‌ಲೆಸ್ ಇರಲಿ. ಪ್ರತಿ ತೂತಿಗೂ ಮೆರೀನ್ ಸೀಲಂಟ್ ತುಂಬಿಸಿ. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ.

ಸಿದ್ದಾಪುರದಿಂದ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ನೀರು ನುಗ್ಗಿದಾಗ ನಾನು ಅಲ್ಲೇ ಇದ್ದೆ. ಪ್ರವಾಹದಲ್ಲಿ ಯಾರೂ ದೋಣಿಯನ್ನು ಜೋರಾಗಿ ಓಡಿಸುವುದಿಲ್ಲ. ಬೇಲಿ, ತಂತಿ, ಕಾಫಿ ಗಿಡದ ತುದಿ ಎಲ್ಲ ನೀರಿನ ಕೆಳಗೆ ಇರುತ್ತವೆ. ನಿಧಾನಕ್ಕೆ ಹೋಗುವಾಗ ಟ್ಯಾಬ್‌ನಿಂದ ಏನೂ ಉಪಯೋಗ ಇಲ್ಲ ಅಲ್ವಾ? ಅದರ ಬದಲು ತಂತಿ ಸಿಕ್ಕಿಕೊಳ್ಳಲು ಎರಡು ಮೂಲೆ ಜಾಸ್ತಿ ಆಯಿತು. ನೀರಲ್ಲಿ ಇರುವವರು ಹೆದರಿ ಹಿಂದಿನಿಂದ ಹತ್ತಲು ನೋಡುತ್ತಾರೆ. ಬರಿಗಾಲು ಆ ತಗಡಿನ ಅಂಚಿಗೆ ತಾಗಿದರೆ?

ಮಲ್ಪೆಯಿಂದ:

ಒಳ್ಳೆಯದಾಯಿತು ನೀವು ಹೇಳಿದ್ದು. ಹೌದು, ದೋಣಿ ಏಳುವಷ್ಟು ಸ್ಪೀಡ್ ಇಲ್ಲದಿದ್ದರೆ ಟ್ಯಾಬ್ ಸುಮ್ನೆ ಭಾರ. ಕುಶಾಲನಗರದವರೇ, ಬೋಲ್ಟ್ ಬಿಚ್ಚಿ ತೆಗೆಯುವ ಹಾಗೆ ಮಾಡಿಕೊಳ್ಳಿ. ಮಳೆಗಾಲ ಶುರುವಾಗುವ ಮೊದಲು ತಗಡು ಬಿಚ್ಚಿಡಿ, ಕೀಲಿನ ಪಟ್ಟಿ ಮಾತ್ರ ಇರಲಿ. ತಗಡಿನ ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿ. ಜನರನ್ನು ಯಾವಾಗಲೂ ಪಕ್ಕದಿಂದಲೇ ಎಳೆದುಕೊಳ್ಳಿ, ಎಂಜಿನ್ ಆಫ್ ಮಾಡಿ. ಇದು ಟ್ಯಾಬ್ ಇದ್ದರೂ ಇಲ್ಲದಿದ್ದರೂ.

ಕುಶಾಲನಗರದಿಂದ:

ಎರಡು ಭಾನುವಾರ ಹಿಡಿಯಿತು. ಹಲಗೆ ಗಟ್ಟಿ ಇತ್ತು, ತಟ್ಟಿ ತಟ್ಟಿ ಕೈ ನೋವು ಬಂತು. ಮೊದಲ ದಿನ ಒಂದು ಎಡವಟ್ಟು ಆಯಿತು. ದೋಣಿ ಬಲಕ್ಕೆ ವಾಲಿದರೆ ಎಡದ ಟ್ಯಾಬ್ ಇಳಿಸಬೇಕು ಅಂದುಕೊಂಡು ಒತ್ತಿದೆ, ಇನ್ನೂ ಜಾಸ್ತಿ ವಾಲಿತು. ಆಮೇಲೆ ಅರ್ಥ ಆಯಿತು, ಯಾವ ಬದಿ ಕೆಳಗಿದೆಯೋ ಅದೇ ಬದಿಯ ತಗಡು ಇಳಿಯಬೇಕು, ಅದೇ ಅಲ್ವಾ ಎತ್ತುವುದು. ಈಗ ಸ್ವಿಚ್ ಪಕ್ಕ ಬಿಳಿ ಬಣ್ಣದಲ್ಲಿ ಗುರುತು ಮಾಡಿದ್ದೇವೆ.

ಐದು ಜನ ಕೂತು ಹೋದೆವು. ಟ್ಯಾಬ್ ಪೂರ್ತಿ ಇಳಿಸಿ ಹೊರಟರೆ ಆರು ಸೆಕೆಂಡಿನಲ್ಲಿ ಏಳುತ್ತದೆ, ಮೂತಿ ಮೇಲೆ ಹೋಗುವುದೇ ಗೊತ್ತಾಗುವುದಿಲ್ಲ, ಎದುರಿನ ದಡ ಪೂರ್ತಿ ಕಾಣುತ್ತದೆ. ಎದ್ದ ಮೇಲೆ ಸ್ವಲ್ಪ ಸ್ವಲ್ಪ ಎತ್ತಿಕೊಳ್ಳುತ್ತೇನೆ. ಒಮ್ಮೆ ಎತ್ತಲು ಮರೆತು ಸ್ಪೀಡ್ ಕೊಟ್ಟೆ, ಮೂತಿ ನೀರಿಗೆ ಕಚ್ಚಿ ದೋಣಿ ತಾನೇ ಪಕ್ಕಕ್ಕೆ ತಿರುಗಲು ನೋಡಿತು, ಎದೆ ಝಲ್ ಅಂತು. ಮೆಲ್ಲಗೆ ಥ್ರಾಟಲ್ ಇಳಿಸಿದ ಮೇಲೆ ಸರಿಯಾಯಿತು. ಹೊಸದಾಗಿ ಹಾಕುವವರು ಇದನ್ನು ನೆನಪಿಡಿ.

ಸಿದ್ದಾಪುರದ ಅಣ್ಣನಿಗೆ: ಮೂಲೆಗಳನ್ನು ಉಜ್ಜಿದ್ದೇವೆ. ಮೇ ಕೊನೆಗೆ ತಗಡು ಬಿಚ್ಚುತ್ತೇವೆ.

ಒಂದೇ ಒಂದು ಕೊನೆಯ ಪ್ರಶ್ನೆ ಸರ್. ಎಂಜಿನ್ನಿನ ಕಾಲಿಗೆ ಹಾಕಿರುವ ಸತುವಿನ ತುಂಡಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿದೆ. ಟ್ಯಾಬ್ ಹಾಕಿದ್ದಕ್ಕೆ ಹೀಗಾಯಿತಾ?

ಮಲ್ಪೆಯಿಂದ:

ಟ್ಯಾಬ್‌ನಿಂದ ಅಲ್ಲ, ನೀರಿನಿಂದ. ಎಂಜಿನ್ ಸವೆಯದಂತೆ ಅದರ ಬದಲು ತಾನು ಸವೆಯುವುದೇ ಆ ತುಂಡಿನ ಕೆಲಸ. ಸತು ಉಪ್ಪುನೀರಿಗೆ ಸರಿ. ಸಿಹಿನೀರಿನಲ್ಲಿ ಅದರ ಮೇಲೆ ಹೀಗೆ ಪದರ ಕಟ್ಟಿ ಕೆಲಸ ನಿಲ್ಲಿಸಿಬಿಡುತ್ತದೆ, ಆಗ ಎಂಜಿನ್ನಿನ ಅಲ್ಯೂಮಿನಿಯಮ್ಮೇ ಸವೆಯಲು ಶುರುವಾಗುತ್ತದೆ. ಪಕ್ಕದಲ್ಲಿ ಸ್ಟೇನ್‌ಲೆಸ್ ತಗಡು ಬೇರೆ ಬಂದಿದೆ, ಆ ಸವೆತ ಇನ್ನೂ ಜೋರಾಗಬಹುದು. ಮೆಗ್ನೀಶಿಯಮ್‌ದು ಸಿಗುತ್ತದೆ, ಅದನ್ನೇ ಹಾಕಿ. ಅದರ ಮೇಲೆ ಪೇಂಟ್ ಹೊಡೆಯಬೇಡಿ. ದೋಣಿಯನ್ನು ಯಾವತ್ತಾದರೂ ಸಮುದ್ರಕ್ಕೆ ತಂದರೆ ಮೊದಲು ಅದನ್ನು ತೆಗೆದು ಸತುವಿನದ್ದು ಹಾಕಿ, ಉಪ್ಪುನೀರಿನಲ್ಲಿ ಮೆಗ್ನೀಶಿಯಮ್ ಬೇಗ ಕರಗಿಹೋಗುತ್ತದೆ.